ತಾಳೆಮರ, ಎತ್ತಿನ ಗಾಡಿ, ಒಂದು ಕೆಟಲ್: ಖ್ಮೇರ್ ಚಿತ್ರಕಲೆಯ ಹಳೇ ಜಗಳ

ಕಾಂಬೋಡಿಯಾದ ಯಾವುದೇ ಕಲಾವಿದ ದಿನನಿತ್ಯದ ಬದುಕು, ಸಂಪ್ರದಾಯ ಅಂತ ಏಕವ್ಯಕ್ತಿ ಪ್ರದರ್ಶನ ಇಟ್ಟರೆ ಎರಡು ಮಾತು ಏಳುತ್ತವೆ. ತಾಳೆಮರ, ಎತ್ತಿನ ಗಾಡಿ, ಚೌಕುಳಿ ಕ್ರಮಾ (ಅಲ್ಲಿನ ಹೆಗಲುವಸ್ತ್ರ) ಸುತ್ತಿಕೊಂಡ ಹೆಂಗಸರನ್ನು ನೋಡಿ ಕೆಲವರು ‘ಇದೇ ನಮ್ಮತನ’ ಅನ್ನುತ್ತಾರೆ. ಉಳಿದವರು ‘ಪ್ರವಾಸಿಗರಿಗೆ ಮಾರೋ ಮಾಲು’ ಅಂತ ಮೂಗು ಮುರಿಯುತ್ತಾರೆ. ಮಜಾ ಏನಂದರೆ, ಕ್ಯಾನ್ವಾಸಿನ ಮೇಲೆ ಈ ‘ಸಂಪ್ರದಾಯ’ಕ್ಕೆ ಇನ್ನೂ ನೂರು ವರ್ಷ ತುಂಬಿಲ್ಲ.

ಕಲ್ಲಿನಲ್ಲಿ ಮಾತ್ರ ತೀರಾ ಹಳೆಯದು. ಸುಮಾರು 800 ವರ್ಷದ ಹಿಂದೆಯೇ ಬಯೋನ್ ಗುಡಿಯ ಗೋಡೆಗಳಲ್ಲಿ ಸಂತೆ, ಅಡುಗೆ, ಕೋಳಿ ಅಂಕ, ಎಲ್ಲವನ್ನೂ ಕೆತ್ತಿದ್ದರು. ಬಣ್ಣದ ಚಿತ್ರಗಳೋ, ಹೆಚ್ಚಾಗಿ ಬುದ್ಧನ ಕಥೆ ಇಲ್ಲವೇ ರಾಮಾಯಣದ ಖ್ಮೇರ್, ಅಂದರೆ ಕಾಂಬೋಡಿಯಾ ಜನರ, ರೂಪವಾದ ರಿಯಾಮ್ಕರ್. ರಾಜಧಾನಿ ನಾಮ್‌ಪೆನ್‌ನ ಅರಮನೆಯ ಬೆಳ್ಳಿ ಪಗೋಡದ ಸುತ್ತಗೋಡೆಗೆ 1903–04ರಲ್ಲಿ ಬರೆದದ್ದೂ ಅದೇ ಕಥೆ.

ಆಮೇಲೆ ಫ್ರೆಂಚರ ಕಾಲದಲ್ಲಿ, 1918ರ ಸುಮಾರಿಗೆ, ನಾಮ್‌ಪೆನ್‌ನಲ್ಲಿ ಕಲಾಶಾಲೆ ಬಂತು. ಪಾಶ್ಚಾತ್ಯ ಗಾಳಿ ಸೋಕಬಾರದು, ಹಳೇ ‘ಕ್ಬಾಚ್’ ಬಳ್ಳಿ ವಿನ್ಯಾಸಗಳನ್ನೇ ತಿದ್ದಿ ತಿದ್ದಿ ಕಲಿಯಬೇಕು ಅನ್ನುವ ನಿಯಮ. ಉಳಿಸುವ ಉದ್ದೇಶ ಒಳ್ಳೆಯದೇ. ಆದರೆ ಕಿಟಕಿಯಾಚೆಗಿನ ಬೀದಿಯನ್ನು ಯಾರೂ ಬರೆಯಲಿಲ್ಲ. 1940ರ ದಶಕದ ಕೊನೆಗೆ ಸುಜುಕಿ ಅನ್ನುವ ಜಪಾನಿ ಮೇಷ್ಟ್ರು ಕಣ್ಣಿಗೆ ಕಂಡದ್ದನ್ನು ಬರೆಯೋದು ಹೇಳಿಕೊಟ್ಟರು. ಅವರ ಶಿಷ್ಯ ನೆಕ್ ದಿಮ್ ಬರೆದ ಹಳ್ಳಿಯ ಚಿತ್ರಗಳು ಮನೆಮಾತಾದವು. ಗಾಯಕ ಸಿನ್ ಸಿಸಾಮುತ್ ಅವರ ಹಾಡಿನ ತಟ್ಟೆಗಳ ಹೊದಿಕೆಗೂ ನೆಕ್ ದಿಮ್ ಅವರದೇ ಕೈ. ಇವತ್ತು ‘ಸಂಪ್ರದಾಯ’ ಅನ್ನಿಸಿಕೊಳ್ಳುವ ನೋಟ ಅಲ್ಲಿಂದ ಬಂದದ್ದು.

1975ರಿಂದ 1979ರವರೆಗಿನ ಖ್ಮೇರ್ ರೂಜ್ (ಪೋಲ್ ಪಾಟ್‌ನ ಕಮ್ಯುನಿಸ್ಟ್ ಪಡೆ) ಆಡಳಿತದಲ್ಲಿ ಸುಮಾರು 17 ಲಕ್ಷ ಜನ ಸತ್ತರು. ನೆಕ್ ದಿಮ್ ಕೂಡ ಉಳಿಯಲಿಲ್ಲ. ಅವರ ಟುವೊಲ್ ಸ್ಲೆಂಗ್ ಜೈಲಿನಲ್ಲಿ ಚಿತ್ರಕಾರ ವಾನ್ ನಾಥ್ ಬದುಕಿದ್ದು ಪೋಲ್ ಪಾಟ್‌ನ ಚಿತ್ರ ಬರೆದುಕೊಟ್ಟು. ಜೈಲಿನಲ್ಲಿ ಕಂಡದ್ದನ್ನು ಅವರು ಆಮೇಲೆ ಬರೆದರು.

ನನಗೆ ಈ ಕಥೆಯಲ್ಲಿ ಇಷ್ಟವಾದ ಮನುಷ್ಯ ಕಲಾಶಾಲೆಯವರಲ್ಲ, ಒಬ್ಬ ಹೋಟೆಲ್ ನೌಕರ. ಸ್ವಾಯ್ ಕೆನ್, ತಾಕೇವ್ ಪ್ರಾಂತ್ಯದವರು, ಹುಟ್ಟಿದ್ದು 1933ರಲ್ಲಿ. 1955ರಿಂದ ನಾಮ್‌ಪೆನ್‌ನ ಲೆ ರಾಯಲ್ ಹೋಟೆಲಿನಲ್ಲಿ ಕೆಲಸ. ಎಲ್ಲರಂತೆ ಅವರನ್ನೂ ಖ್ಮೇರ್ ರೂಜ್ ಹಳ್ಳಿಗೆ ಅಟ್ಟಿತು. 1993ರ ಹೊತ್ತಿಗೆ ವಿಶ್ವಸಂಸ್ಥೆ ಚುನಾವಣೆ ನಡೆಸಲು ಬಂದು, ಊರು ತುಂಬಾ ವಿದೇಶಿಯರು. ಆಗ ಹೆಚ್ಚುಕಡಿಮೆ ಅರವತ್ತು ವಯಸ್ಸಿನ ಈ ಅಜ್ಜ ಕುಂಚ ಹಿಡಿದರು. ದಪ್ಪ ಎಣ್ಣೆಬಣ್ಣ, ಒರಟು ಗೆರೆ, ಅಳತೆ ಅಷ್ಟಕ್ಕಷ್ಟೇ. ಬರೆದದ್ದು ಏನು? ಕೆಟಲ್, ಚಪ್ಪಲಿ, ಅನ್ನದ ಬಟ್ಟಲು, ಭತ್ತ ಬಡಿಯುವವರು. ಅಂಕೋರ್‌ವಾಟ್‌ನ ಹಿಂದೆ ಮುಳುಗುವ ಸೂರ್ಯನನ್ನು ಕೊಳ್ಳುವವರ ಊರಿನಲ್ಲಿ ಕೆಟಲ್! 2000ದಲ್ಲಿ ಹೆಂಡತಿ ತೀರಿಕೊಂಡರು. ಆಗ ತಮ್ಮಿಬ್ಬರ ಬದುಕನ್ನೇ ಒಂದೊಂದು ಚಿತ್ರವಾಗಿ ಬರೆಯುತ್ತ ಹೋದರು, ಮಕ್ಕಳು ಮೊಮ್ಮಕ್ಕಳಿಗೆ ಗೊತ್ತಿರಲಿ ಅಂತ. ಮದುವೆ, ಯುದ್ಧ, ಹಸಿವು, ಹೋಟೆಲಿನ ಸಮವಸ್ತ್ರ, ಎಲ್ಲಾ ಒಂದೇ ತೂಕದಲ್ಲಿ. ಆ ಸರಣಿಯನ್ನು ನಾಮ್‌ಪೆನ್‌ನ ರೆಯುಮ್ ಕಲಾಸಂಸ್ಥೆ 2001ರಲ್ಲಿ ಪುಸ್ತಕವಾಗಿ ತಂದಿತು. 2008ರಲ್ಲಿ ಅವರು ತೀರಿಕೊಳ್ಳುವ ಹೊತ್ತಿಗೆ ಕಾಂಬೋಡಿಯಾದ ಸಮಕಾಲೀನ ಕಲೆಗೆ ಅವರೇ ಅಜ್ಜ ಅನ್ನಿಸಿಕೊಂಡಿದ್ದರು. ಅವರಿಗೆ ಚಿತ್ರ ಬರೆಯೋಕೆ ಬರಲ್ಲ ಅನ್ನುವವರು ಆಗಲೂ ಇದ್ದರು, ಈಗಲೂ ಇದ್ದಾರೆ.

ಈಗ ನ್ಯಾಷನಲ್ ಮ್ಯೂಸಿಯಂ ಪಕ್ಕದ 178ನೇ ಬೀದಿಯ ಅಂಗಡಿಗಳಲ್ಲಿ ಅಂಕೋರ್‌ವಾಟ್, ಅಪ್ಸರೆಯರು, ತಾಳೆಮರಗಳು ಸಾಲಾಗಿ ತೂಗುತ್ತವೆ. ಹೊಟ್ಟೆಪಾಡು, ತಪ್ಪೇನಿಲ್ಲ. ಹುಡುಗರು ಬೇರೆ ದಾರಿ ಹಿಡಿದಿದ್ದಾರೆ. ಸಾಸಾ ಆರ್ಟ್ ಪ್ರಾಜೆಕ್ಟ್ಸ್ ಅನ್ನುವ ಗುಂಪು 2010ರಲ್ಲಿ ‘ವೈಟ್ ಬಿಲ್ಡಿಂಗ್’ ಒಳಗೇ ನೆಲೆ ಮಾಡಿತು. 1960ರ ದಶಕದ ಆ ಹಳೇ ವಸತಿ ಕಟ್ಟಡದ ಜನರ ಜೊತೆಗೇ ಕೆಲಸ ಮಾಡಿತು. ಅಲ್ಲಿನ ದಿನನಿತ್ಯದಲ್ಲಿ ಎತ್ತಿನ ಗಾಡಿ ಇರಲಿಲ್ಲ, ಕತ್ತಲೆ ಮೆಟ್ಟಿಲು, ಒಣಗಲು ಹಾಕಿದ ಬಟ್ಟೆ ಇತ್ತು. 2017ರಲ್ಲಿ ಆ ಕಟ್ಟಡವನ್ನು ಕೆಡವಿದರು.