ಹನ್ನೆರಡು ಕುದುರೆಗಳು ಎಲ್ಲಿಂದ ಬಂದವು?

ಪ್ರಶ್ನೆ: ನನ್ನ ಬಳಿ ಬ್ರಿಟನ್ನಿನ ಸ್ಪೋರ್ಟ್ಸ್ ಕಾರು, 1967ರ ಎಂಜಿಬಿ ಇದೆ. ಏರ್ ಫಿಲ್ಟರ್, ಕಾರ್ಬ್ಯುರೇಟರಿನ ಸೂಜಿ ಮತ್ತು ಎಕ್ಸಾಸ್ಟ್ ಮ್ಯಾನಿಫೋಲ್ಡ್ (ಎಂಜಿನ್ನಿನಿಂದ ಹೊಗೆ ಹೊರಹೋಗುವ ಕೊಳವೆಗಳು) ಬದಲಿಸಿ, ಸಿಲಿಂಡರ್ ಹೆಡ್ ಕೆಲಸವನ್ನೂ ಮಾಡಿಸಿದೆ. ಆಮೇಲೆ ಡೈನೋ (ಕಾರಿನ ಶಕ್ತಿ ಅಳೆಯುವ ಯಂತ್ರ) ಮೇಲೆ ಓಡಿಸಿದಾಗ ಚಕ್ರದಲ್ಲಿ 86 ಅಶ್ವಶಕ್ತಿ ಬಂತು. ಗ್ಯಾರೇಜಿನವರು ಅದಕ್ಕೆ ಗೇರ್‌ಬಾಕ್ಸಿನ ನಷ್ಟ ಸೇರಿಸಿ, ಎಂಜಿನ್ನಿನಲ್ಲಿ 107 ಇದೆ ಎಂದರು. ಕೈಪಿಡಿಯಲ್ಲಿರುವುದು 95. ಹಾಗಾದರೆ 12 ಹೆಚ್ಚಾಯಿತು ಎನ್ನಬಹುದೇ?

ಉತ್ತರ: ಎನ್ನಲು ಬರುವುದಿಲ್ಲ. ನಿಜವಾದ ಹೆಚ್ಚಳ 12ಕ್ಕಿಂತ ಕಡಿಮೆ ಇರಬಹುದು, ಜಾಸ್ತಿಯೂ ಇರಬಹುದು. ತೂಕ ಇಳಿಸಿಕೊಂಡೆ ಎನ್ನುವವರು ಮೊದಲೂ ಆಮೇಲೂ ಒಂದೇ ತಕ್ಕಡಿಯ ಮೇಲೆ ನಿಂತಿರಬೇಕು. ನೀವು ಆಮೇಲೆ ಮಾತ್ರ ನಿಂತಿದ್ದೀರಿ. ಮೊದಲಿನ ತೂಕವನ್ನು ಪುಸ್ತಕದಿಂದ ತೆಗೆದುಕೊಂಡಿದ್ದೀರಿ.

ಗ್ಯಾರೇಜಿನವರ ಗುಣಾಕಾರವನ್ನೇ ಮೊದಲು ನೋಡೋಣ. ಎಂಜಿನ್ನಿನಿಂದ ಚಕ್ರಕ್ಕೆ ಬರುವಷ್ಟರಲ್ಲಿ ಗೇರ್‌ಬಾಕ್ಸ್, ಡಿಫರೆನ್ಷಿಯಲ್, ಟೈರ್‌ಗಳು ಒಂದಿಷ್ಟು ಶಕ್ತಿ ತಿನ್ನುತ್ತವೆ. ಎಷ್ಟು? ಶೇಕಡಾ 20 ಎಂದು ಊಹಿಸಿದರೆ ನಿಮ್ಮ 86 ಅಶ್ವಶಕ್ತಿ 107 ಆಗುತ್ತದೆ. ಶೇಕಡಾ 15 ಎಂದು ಊಹಿಸಿದರೆ ಅದೇ 86 ಕೇವಲ 101 ಆಗುತ್ತದೆ. ಸ್ಪ್ಯಾನರ್ ಮುಟ್ಟದೆಯೇ ಆರು ಕುದುರೆಗಳು ಲಾಯ ಬಿಟ್ಟು ಓಡಿಹೋದವು! ಆದ್ದರಿಂದ ಚಕ್ರದಲ್ಲಿ ಅಳೆದದ್ದನ್ನು ಚಕ್ರದ ಅಂಕಿಯಾಗಿಯೇ ಇಟ್ಟುಕೊಳ್ಳುವುದು ಒಳ್ಳೆಯದು.

ಇನ್ನು ಪುಸ್ತಕದ 95. ಅದು ಚಕ್ರದಲ್ಲಿ ಅಳೆದದ್ದಲ್ಲ, ನಿಮ್ಮ ಕಾರಿನದಂತೂ ಅಲ್ಲ. ಕಂಪನಿಗಳು ಆ ಕಾಲದಲ್ಲಿ ಅಳೆಯುತ್ತಿದ್ದ ರೀತಿಯೂ ಒಂದೇ ಆಗಿರಲಿಲ್ಲ. ಅಮೆರಿಕದಲ್ಲಿ 1971ರವರೆಗೆ ಸೈಲೆನ್ಸರ್, ಏರ್ ಫಿಲ್ಟರ್ ಇಲ್ಲದೆ ಬರಿಯ ಎಂಜಿನ್ ಓಡಿಸಿ ಪಡೆದ 'ಗ್ರಾಸ್' ಅಂಕಿಯನ್ನು ಜಾಹೀರಾತಿನಲ್ಲಿ ಹಾಕುತ್ತಿದ್ದರು. 1972ರಿಂದ ಎಲ್ಲವನ್ನೂ ಜೋಡಿಸಿ ಅಳೆದ 'ನೆಟ್' ಅಂಕಿ ಬಂತು. ಅಮೆರಿಕದ ಸ್ಪೋರ್ಟ್ಸ್ ಕಾರು ಕಾರ್ವೆಟ್‌ನ ಎಲ್‌ಟಿ-1 ಎಂಜಿನ್ 330ರಿಂದ 255ಕ್ಕೆ ಇಳಿಯಿತು. ಎಂಜಿನ್ ಹೆಚ್ಚುಕಡಿಮೆ ಅದೇ.

ಡೈನೋ ಕೂಡ ಅಶ್ವಶಕ್ತಿಯನ್ನು ನೇರವಾಗಿ ಅಳೆಯುವುದಿಲ್ಲ. ಎಂಜಿನ್ನಿನ ತಿರುಚುವ ಬಲವನ್ನು, ಅಂದರೆ ಟಾರ್ಕ್ ಅನ್ನು, ಮತ್ತು ವೇಗವನ್ನು ಅಳೆದು ಗುಣಿಸುತ್ತದೆ. ನ್ಯೂಟನ್ ಮೀಟರ್‌ನಲ್ಲಿರುವ ಟಾರ್ಕ್ ಅನ್ನು ಆರ್‌ಪಿಎಂನಿಂದ (ನಿಮಿಷಕ್ಕೆ ಎಷ್ಟು ಸುತ್ತು ಎಂಬ ಅಂಕಿಯಿಂದ) ಗುಣಿಸಿ 9549ರಿಂದ ಭಾಗಿಸಿದರೆ ಕಿಲೋವಾಟ್ ಸಿಗುತ್ತದೆ. (1821ರಲ್ಲಿ ಫ್ರಾನ್ಸಿನ ಪ್ರೋನಿ, ತಿರುಗುವ ದಂಡಕ್ಕೆ ಬ್ರೇಕ್ ಬಿಗಿದು ಮಾಡಿದ್ದೂ ಇದನ್ನೇ. 'ಬ್ರೇಕ್ ಹಾರ್ಸ್‌ಪವರ್' ಎಂಬ ಹೆಸರು ಬಂದದ್ದು ಹಾಗೆ.) ಟೈರಿನ ಗಾಳಿ, ಕಾರನ್ನು ಬಿಗಿದ ಪಟ್ಟಿಯ ಎಳೆತ, ಎಣ್ಣೆಯ ಬಿಸಿ, ಯಾವ ಗೇರ್ ಎಂಬುದೆಲ್ಲ ಫಲಿತಾಂಶವನ್ನು ಅಲ್ಲಾಡಿಸುತ್ತವೆ. ಒಂದೇ ಯಂತ್ರ, ಒಂದೇ ಗೇರ್, ಸಾಧ್ಯವಾದರೆ ಒಂದೇ ದಿನ. ಒಂದೊಂದು ಸ್ಥಿತಿಯಲ್ಲೂ ಮೂರು ಸಲ ಓಡಿಸಿ. ಆ ಮೂರರ ನಡುವೆಯೇ ಎರಡು ಅಶ್ವಶಕ್ತಿಯ ವ್ಯತ್ಯಾಸವಿದ್ದರೆ, ಹೊಸ ಫಿಲ್ಟರಿನಿಂದ ಎರಡು ಬಂತು ಎನ್ನುವುದು ಬರೀ ಆಸೆ.

ಹವೆಯ ಲೆಕ್ಕ ಇನ್ನೂ ದೊಡ್ಡದು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ; ಟರ್ಬೊ ಇಲ್ಲದ ಎಂಜಿನ್ನಿಗೆ ಅಲ್ಲಿ ಮಂಗಳೂರಿಗಿಂತ ಶೇಕಡಾ ಹತ್ತರಷ್ಟು ಕಡಿಮೆ ಗಾಳಿ ಸಿಗುತ್ತದೆ. ಇದನ್ನು ಸರಿದೂಗಿಸಲು ಡೈನೋದ ಕಂಪ್ಯೂಟರ್ ಒಂದು ತಿದ್ದುಪಡಿ ಸೇರಿಸುತ್ತದೆ. ಬೆಂಗಳೂರಿನಲ್ಲಿ ಬಂದ 70, ತಿದ್ದಿದ ಮೇಲೆ ಸುಮಾರು 78 ಎಂದು ಅಚ್ಚಾಗಬಹುದು. ಮೊದಲಿನ ಹಾಳೆ ತಿದ್ದದೇ ಇದ್ದದ್ದು, ಆಮೇಲಿನದು ತಿದ್ದಿದ್ದು ಎಂದಾದರೆ ಪುಕ್ಕಟೆಯಾಗಿ ಎಂಟು ಕುದುರೆ. ತಿದ್ದುವ ಮಾನಕಗಳೂ ಒಂದಕ್ಕಿಂತ ಹೆಚ್ಚು. ಹಾಳೆಯ ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಯಾವುದೆಂದು ಬರೆದಿರುತ್ತದೆ, ಓದಿ.

ಆದರೆ ನನ್ನ ದೃಷ್ಟಿಯಲ್ಲಿ ಅತಿ ದೊಡ್ಡ ಮೋಸ ಇದ್ಯಾವುದೂ ಅಲ್ಲ; ಅದು 'ಮೊದಲಿನ' ಕಾರಿನ ಆರೋಗ್ಯ. ಇಗ್ನಿಷನ್ ಟೈಮಿಂಗ್ (ಕಿಡಿ ಹಾರುವ ಸಮಯ) ಹಿಂದುಳಿದು, ವಾಲ್ವ್ ತೆರೆಯುವ ಟ್ಯಾಪೆಟ್ ಬಿಗಿಯಾಗಿ, ಎಸ್‌ಯು ಕಂಪನಿಯ ಎರಡು ಕಾರ್ಬ್ಯುರೇಟರ್‌ಗಳು ಎತ್ತು ಏರಿಗೆ, ಕೋಣ ನೀರಿಗೆ ಎಂಬಂತೆ ಎಳೆಯುತ್ತಿರುವ ಕಾರನ್ನು ಅಳೆಯುತ್ತಾರೆ. ಹೊಸ ಭಾಗ ಹಾಕುವಾಗ ಇವೆಲ್ಲವನ್ನೂ ಸರಿಮಾಡುತ್ತಾರೆ. ಕೀರ್ತಿಯೆಲ್ಲ ಹೊಳೆಯುವ ಮ್ಯಾನಿಫೋಲ್ಡಿಗೆ! ಮೊದಲು ಹಳೆಯ ಭಾಗಗಳಿಂದಲೇ ಎಂಜಿನ್ನನ್ನು ಪೂರ್ತಿ ಟ್ಯೂನ್ ಮಾಡಿಸಿ, ಆಮೇಲೆ ಅಳೆಯಿರಿ.

ಹಾಳೆಯಲ್ಲಿ ತುದಿಯ ಅಂಕಿಯನ್ನಷ್ಟೇ ನೋಡಬೇಡಿ, ಇಡೀ ಗೆರೆಯನ್ನು ನೋಡಿ. ಎಂಜಿಬಿಯ 1798 ಸಿಸಿ ಎಂಜಿನ್ನಿನ ಹೆಡ್‌ನಲ್ಲಿ ನಾಲ್ಕು ಸಿಲಿಂಡರಿಗೆ ಎರಡೇ ಇನ್‌ಲೆಟ್ ದ್ವಾರಗಳು, ಅಂದರೆ ಗಾಳಿ-ಪೆಟ್ರೋಲ್ ಒಳಬರುವ ದಾರಿಗಳು. ಹಾಗಾಗಿ ಹೆಡ್ ಕೆಲಸಕ್ಕೆ ಬೆಲೆ ಇದೆ. ಆದರೆ ಬಿರುಸಾದ ಕ್ಯಾಮ್‌ಶಾಫ್ಟ್ (ವಾಲ್ವ್‌ಗಳನ್ನು ತೆರೆದು ಮುಚ್ಚಿಸುವ ದಂಡ) ಹಾಕಿದವರು 5500 ಆರ್‌ಪಿಎಂನಲ್ಲಿ ಗಳಿಸಿದ್ದನ್ನು 2500ರಲ್ಲಿ ಕಳೆದುಕೊಂಡಿರುತ್ತಾರೆ. ಊರಿನ ರಸ್ತೆಯಲ್ಲಿ ಕಾರು ಓಡುವುದು 2500ರಲ್ಲೇ.

ಈಗ ನೀವು ಏನು ಮಾಡಬಹುದು? ಹಳೆಯ ಮ್ಯಾನಿಫೋಲ್ಡ್, ಫಿಲ್ಟರ್ ಮತ್ತು ಸೂಜಿಗಳನ್ನು ಎಸೆದಿಲ್ಲವಾದರೆ ಮತ್ತೆ ಹಾಕಿ, ಟ್ಯೂನ್ ಮಾಡಿ, ಅದೇ ಡೈನೋದಲ್ಲಿ ಓಡಿಸಿ. ನಂತರ ಹೊಸದನ್ನು ಹಾಕಿ ಇನ್ನೊಮ್ಮೆ. ಹೆಡ್ ಬಿಟ್ಟು ಉಳಿದವುಗಳ ಪಾಲಾದರೂ ತಿಳಿಯುತ್ತದೆ. ಡೈನೋ ದುಬಾರಿಯೆನಿಸಿದರೆ ವಾಹನ ಸಂಚಾರವಿಲ್ಲದ ಟ್ರ್ಯಾಕ್‌ನಲ್ಲಿ ಮೂರನೇ ಗೇರಿನಲ್ಲಿ ಗಂಟೆಗೆ 60ರಿಂದ 100 ಕಿಲೋಮೀಟರ್ ತಲುಪುವ ಸಮಯವನ್ನು ಎರಡೂ ದಿಕ್ಕಿನಲ್ಲಿ ಅಳೆದು ಸರಾಸರಿ ತೆಗೆಯಿರಿ. ಚಾಲಕನೂ ಸೇರಿ 1040 ಕಿಲೋ ತೂಗುವ ಕಾರು ಇದಕ್ಕೆ 8 ಸೆಕೆಂಡ್ ತೆಗೆದುಕೊಂಡರೆ, ವೇಗ ಹೆಚ್ಚಿಸಲು ಸರಾಸರಿ 43 ಅಶ್ವಶಕ್ತಿ ಬಳಕೆಯಾಗಿದೆ, 7.5 ಸೆಕೆಂಡಿಗೆ ಇಳಿದರೆ 46. ಅರ್ಧ ಸೆಕೆಂಡಿಗೆ ಮೂರು ಕುದುರೆ. ಬೆರಳಿನಿಂದ ಒತ್ತುವ ಸ್ಟಾಪ್‌ವಾಚ್ ಇಷ್ಟು ಸೂಕ್ಷ್ಮಕ್ಕೆ ಸಾಲದು. ಸ್ಪೀಡೋಮೀಟರ್ ನಂಬದೆ ವೇಗ ದಾಖಲಿಸುವ ಜಿಪಿಎಸ್ ಲಾಗರ್ ಬಳಸಿ, ಪೆಟ್ರೋಲ್ ಟ್ಯಾಂಕ್ ಎರಡೂ ಸಲ ಅದೇ ಮಟ್ಟದಲ್ಲಿರಲಿ.