ನೆಲಬೇವು ಎಕ್ಸ್‌ಟ್ರಾಕ್ಟ್: ಕೆಜಿ ಲೆಕ್ಕ ಆಮೇಲೆ, ಮೊದ್ಲು ಅಸೇ ಕೇಳಿ

"ಸರ್, 100 ಕೆಜಿ ಒಣ ನೆಲಬೇವು ಕೊಟ್ರೆ ಎಷ್ಟು ಕೆಜಿ ಎಕ್ಸ್‌ಟ್ರಾಕ್ಟ್ ಬರುತ್ತೆ?" ಫೋನ್ ಎತ್ತಿದ್ರೆ ಸಾಕು, ಇದೇ ಪ್ರಶ್ನೆ. ಎಕ್ಸ್‌ಟ್ರಾಕ್ಟ್ ಅಂದ್ರೆ ಸೊಪ್ಪಿನ ಸಾರ ತೆಗೆದು ಒಣಗಿಸಿದ ಪುಡಿ. ಬೆಳೆಗಾರರು ಕೇಳಿದ್ರೆ ಸರಿ, ಕ್ಯಾಪ್ಸೂಲ್ ಬ್ರ್ಯಾಂಡ್ ಮಾಡ್ತೀವಿ ಅಂತ ಹೊರಟಿರೋ ಹುಡುಗರೂ ಕೇಳ್ತಾರೆ, ಫಾರ್ಮಸಿ ಓದಿರೋರೂ ಕೇಳ್ತಾರೆ, ಅದೇ ನಂಗೆ ಬೇಜಾರು. 12 ಕೆಜಿ ಬರಬಹುದು ಅಂದ ತಕ್ಷಣ ಆ ಕಡೆ ದನಿ ಸಪ್ಪಗಾಗುತ್ತೆ, "ಇನ್ನೊಬ್ರು 25 ಕೊಡ್ತೀವಿ ಅಂದಿದಾರಲ್ಲ ಸರ್" ಅಂತಾರೆ. ಕೊಡಬಹುದು, ಅದ್ರಲ್ಲಿ ಸುಳ್ಳೇನಿಲ್ಲ. ಆ 25 ಕೆಜಿ ಒಳಗೆ ಏನಿದೆ ಅಂತ ಮಾತ್ರ ಯಾರೂ ಕೇಳಿರಲ್ಲ. ಅದನ್ನ ಹೇಳೋದೇ ಅಸೇ, ಅಂದ್ರೆ ಬೇಕಾದ ಅಂಶ ಶೇಕಡಾ ಎಷ್ಟಿದೆ ಅಂತ ಅಳೆಯೋ ಲ್ಯಾಬ್ ಪರೀಕ್ಷೆ.

ನೆಲಬೇವಿನಲ್ಲಿ ಕೊಳ್ಳೋರಿಗೆ ಬೇಕಾಗಿರೋದು ಮುಖ್ಯವಾಗಿ ಆಂಡ್ರೋಗ್ರಾಫೊಲೈಡ್ ಅನ್ನೋ ಕಹಿ ಅಂಶ. 1911ರಲ್ಲೇ ಗೋರ್ಟರ್ ಅನ್ನೋರು ಬೇರ್ಪಡಿಸಿ ಹೆಸರಿಟ್ಟಿದ್ದು. ಇದು ನೀರಲ್ಲಿ ಸರಿಯಾಗಿ ಕರಗಲ್ಲ, ಆಲ್ಕೋಹಾಲಲ್ಲಿ ಕರಗುತ್ತೆ. ಇಷ್ಟು ಗೊತ್ತಿದ್ರೆ ಉಳಿದಿದ್ದೆಲ್ಲ ಲೆಕ್ಕ. ನಿಮ್ಮ 100 ಕೆಜಿ ಸೊಪ್ಪಲ್ಲಿ 2% ಇದೆ ಅಂತ ಉದಾಹರಣೆಗೆ ಇಟ್ಕೊಳ್ಳಿ, ಅಂದ್ರೆ ಇಡೀ ರಾಶಿಲಿ ಇರೋದೇ 2 ಕೆಜಿ, ದೇವರೇ ಬಂದ್ರೂ ಅದಕ್ಕಿಂತ ಜಾಸ್ತಿ ತೆಗೆಯೋಕಾಗಲ್ಲ. ನೀರಲ್ಲಿ ಕುದಿಸಿ ಒಣಗಿಸಿದ್ರೆ 25 ಕೆಜಿ ಪುಡಿ ಬಂತು, ಅಸೇ 3% ಅಂದುಕೊಳ್ಳಿ, ಕೈಗೆ ಸಿಕ್ಕಿದ್ದು 750 ಗ್ರಾಂ. ಉಳಿದಿದ್ದು ಚರಟದ ಜೊತೆ ತಿಪ್ಪೆಗೆ ಹೋಯ್ತು, ಪುಡಿ ತೂಕ ಹೆಚ್ಚಿಸಿದ್ದು ಸಕ್ಕರೆ, ಲೋಳೆ, ಉಪ್ಪಿನಂಶ, ಬಣ್ಣ. ಅದೇ ಸೊಪ್ಪನ್ನ ಆಲ್ಕೋಹಾಲಲ್ಲಿ ತೆಗೆದ್ರೆ 12 ಕೆಜಿ, ಅಸೇ 14%, ಸಿಕ್ಕಿದ್ದು 1.68 ಕೆಜಿ. ಈಗ ಹೇಳಿ, ಯಾವುದು ಜಾಸ್ತಿ? ಈ ಅಂಕಿಗಳು ಲೆಕ್ಕ ತೋರ್ಸೋಕೆ ಅಷ್ಟೇ, ನಿಮ್ಮ ಸೊಪ್ಪಿನದು ಬೇರೆ ಇರುತ್ತೆ. ಡೈರಿಗೆ ಹಾಲು ಹಾಕೋ ಮನೆಯವರಿಗೆ ಇದು ತಕ್ಷಣ ಅರ್ಥ ಆಗುತ್ತೆ, ಅಲ್ಲಿ ಫ್ಯಾಟ್ ನೋಡಿ ತಾನೇ ದುಡ್ಡು ಕೊಡೋದು.

"ನಮ್ದು 10:1 ಸರ್" ಅಂತ ಇನ್ನೊಂದು ಇದೆ. 10 ಕೆಜಿ ಸೊಪ್ಪಿಂದ 1 ಕೆಜಿ ಪುಡಿ ಬಂತು ಅನ್ನೋದು ಬಿಟ್ರೆ ಅದ್ರಿಂದ ಏನೂ ಗೊತ್ತಾಗಲ್ಲ, ಹತ್ತು ಪಟ್ಟು ಸ್ಟ್ರಾಂಗ್ ಅಂತ ಯಾರೂ ಗ್ಯಾರಂಟಿ ಕೊಟ್ಟಿಲ್ಲ. ರಸ ಒಣಗಿಸಿ ಪುಡಿ ಮಾಡೋ ಸ್ಪ್ರೇ ಡ್ರೈಯರಿಗೆ ಹಾಕೋವಾಗ ಅಂಟಬಾರದು ಅಂತ ಮಾಲ್ಟೊಡೆಕ್ಸ್ಟ್ರಿನ್ ಅನ್ನೋ ಪಿಷ್ಟದ ಪುಡಿ ಸೇರಿಸ್ತಾರೆ, ಅದು ಮೋಸ ಅಲ್ಲ, ಎಷ್ಟು ಸೇರ್ಸಿದೀವಿ ಅಂತ ಹೇಳದೇ ಇದ್ರೆ ಮೋಸ. ಕೆಲವರು ಚಿಟಿಕೆ ನಾಲಿಗೆ ಮೇಲಿಟ್ಟು "ಭಾರೀ ಕಹಿ, ಒಳ್ಳೆ ಮಾಲು" ಅಂತಾರೆ. ನೆಲಬೇವು ಎಷ್ಟು ಕಹಿ ಅಂದ್ರೆ 3%ಗೂ 14%ಗೂ ನಿಮ್ಮ ನಾಲಿಗೆ ವ್ಯತ್ಯಾಸ ಹೇಳಲ್ಲ.

ಹಾಸನ ಕಡೆಯಿಂದ ಒಬ್ಬ ರೈತರು ಹೆಂಡತಿ ಜೊತೆ ಬಂದಿದ್ರು, ಬಹಳ ಶ್ರದ್ಧೆಯಿಂದ ಬೆಳೆದಿದ್ರು, ಕಳೆ ಇಲ್ಲ, ಮಣ್ಣಿಲ್ಲ, ಮೂಟೆ ನೋಡಿದ್ರೇ ಖುಷಿ ಆಗ್ಬೇಕು. ಕೈ ಹಾಕಿದ್ರೆ ಬರೀ ಕಡ್ಡಿ. ತೂಕ ಬರಲಿ, ಬೀಜಾನೂ ಸಿಗಲಿ ಅಂತ ಕಾಯಿ ಒಣಗೋವರೆಗೂ ಬಿಟ್ಟಿದ್ರಂತೆ. ಆಂಡ್ರೋಗ್ರಾಫೊಲೈಡ್ ಜಾಸ್ತಿ ಇರೋದು ಎಲೇಲಿ, ಅದೂ ಹೂ ಬಿಡೋಕೆ ಶುರುವಾಗೋ ಹೊತ್ತಲ್ಲಿ, ಆಮೇಲೆ ಎಲೆ ಉದುರುತ್ತೆ, ಅಂಶ ಇಳಿಯುತ್ತೆ. ರಿಪೋರ್ಟ್ ನೋಡಿ ಅವರು ಸುಮ್ನಾದ್ರು, ಆದ್ರೆ ಆ ಯಮ್ಮ ಕೇಳಿದ್ರು, "ಹಂಗಾರೆ ಬೀಜಕ್ಕೆ ಎರಡು ಸಾಲು ಬಿಟ್ಕೊಂಡು ಮಿಕ್ಕಿದ್ದ ಹೂ ಬರ್ತಿದ್ದಂಗೆ ಕೊಯ್ದ್ರಾಯ್ತಲ್ವಾ ಸಾರ್?" ಇಷ್ಟು ಸರಿಯಾದ ಪ್ರಶ್ನೆ ನಂಗೆ ದೊಡ್ಡ ಕಂಪನಿ ಮೀಟಿಂಗಲ್ಲೂ ಸಿಕ್ಕಿಲ್ಲ. ಮುಂದಿನ ಬೆಳೆ ಹಾಗೇ ಮಾಡಿದ್ರು, ಮೂಟೆ ಕಮ್ಮಿ ಆಯ್ತು, ಅಸೇ ಚೆನ್ನಾಗಿ ಬಂತು.

ಅಸೇ ಅಂದಾಗ ಯಾವ ಪರೀಕ್ಷೆ ಅಂತಾನೂ ಕೇಳ್ಬೇಕು. ಇದಕ್ಕೆ ಬೇರೆ ಉದಾಹರಣೆ, ಶಿರಸಿ, ಸಿದ್ದಾಪುರ ಕಡೆ ಉಪ್ಪಾಗೆ ಅನ್ನೋ ಹುಳಿ ಹಣ್ಣು ಇದೆಯಲ್ಲ, ಅದರ ಸಿಪ್ಪೆಲಿರೋ ಮುಖ್ಯ ಹುಳಿ ಹೈಡ್ರಾಕ್ಸಿಸಿಟ್ರಿಕ್ ಆಸಿಡ್, ಎಚ್‌ಸಿಎ ಅಂತಾರೆ. ಇದನ್ನ 1965ರಲ್ಲಿ ಗುರುತಿಸಿದ್ದು ನಮ್ಮ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನ ಲೂಯಿಸ್ ಮತ್ತು ನೀಲಕಂಠನ್. ಉಪ್ಪಾಗೆ ಹಣ್ಣಾಗೋದು ಮಳೆಗಾಲದಲ್ಲಿ, ಬಿಸಿಲಿಲ್ಲ, ಒಲೆ ಮೇಲೆ ಒಣಗಿಸ್ತಾರೆ, ಆಮೇಲೆ ಫ್ಯಾಕ್ಟರಿಲಿ ರಸ ಬತ್ತಿಸೋಕೆ ಮತ್ತೆ ಬಿಸಿ. ಬಿಸಿ ಮಾಡಿ ಗಟ್ಟಿ ಮಾಡ್ತಾ ಹೋದ್ರೆ ಎಚ್‌ಸಿಎ ಲ್ಯಾಕ್ಟೋನ್ ಅನ್ನೋ ಬೇರೆ ರೂಪಕ್ಕೆ ಬದಲಾಗುತ್ತೆ. ಅದೂ ಹುಳಿನೇ, ಬರೀ ಟೈಟ್ರೇಷನ್, ಅಂದ್ರೆ ಒಟ್ಟು ಹುಳಿ ಅಳೆಯೋ ಪರೀಕ್ಷೆ ಮಾಡಿದ್ರೆ ಹುಳಿ ಎಷ್ಟಿದೆ ಅಂತ ಗೊತ್ತಾಗುತ್ತೇ ಹೊರತು ಯಾವ ಹುಳಿ ಅಂತ ಗೊತ್ತಾಗಲ್ಲ, ರಿಪೋರ್ಟ್ ಮಾತ್ರ ಚೆಂದ ಕಾಣುತ್ತೆ. ಒಂದೊಂದು ಅಂಶಾನ ಬೇರ್ಪಡಿಸಿ ಅಳೆಯೋ ಎಚ್‌ಪಿಎಲ್‌ಸಿ ಪರೀಕ್ಷೆ ಮಾಡಿಸಿದ್ರೆ ಎರಡೂ ಬೇರೆ ಬೇರೆ ಕಾಣ್ಸುತ್ತೆ. ಎಚ್‌ಸಿಎನ ಕ್ಯಾಲ್ಸಿಯಂ ಅಥವಾ ಪೊಟ್ಯಾಸಿಯಂ ಲವಣವಾಗಿ ಮಾಡೋದು ಅದು ಹೀಗೆ ಲ್ಯಾಕ್ಟೋನ್ ಆಗೋದನ್ನ ತಡೆಯೋಕೇನೇ. ಅಂದಹಾಗೆ ಎಚ್‌ಸಿಎ ಮೈ ತೂಕ ಇಳಿಸುತ್ತೆ ಅಂತ ಮಾರ್ತಾರಲ್ಲ, ಅದನ್ನ ನನ್ನ ಬಾಯಲ್ಲಿ ಹೇಳಿಸ್ಬೇಡಿ. 1998ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆ ಜಾಮಾದಲ್ಲಿ ಬಂದ ಪ್ರಯೋಗದಲ್ಲಿ, 12 ವಾರ ಕೊಟ್ಟು ನೋಡಿದಾಗ, ಬರೀ ಪೊಳ್ಳು ಮಾತ್ರೆ ತಗೊಂಡೋರಿಗಿಂತ ಹೇಳ್ಕೊಳ್ಳೋ ವ್ಯತ್ಯಾಸ ಕಂಡಿರಲಿಲ್ಲ.

ಗಟ್ಟಿ ಎಕ್ಸ್‌ಟ್ರಾಕ್ಟ್ ಅಂದ್ರೆ ಅಜ್ಜಿ ಕಷಾಯ ಅಲ್ಲ ಅನ್ನೋದೂ ನೆನಪಿರಲಿ. ನೆಲಬೇವಿನ ಉತ್ಪನ್ನಗಳಿಂದ ತೀವ್ರ ಅಲರ್ಜಿ ಆಗಬಹುದು ಅಂತ ಆಸ್ಟ್ರೇಲಿಯಾದ ಔಷಧ ನಿಯಂತ್ರಣ ಸಂಸ್ಥೆ ಎಚ್ಚರಿಕೆ ಕೊಟ್ಟಿದೆ, ಗರ್ಭಿಣಿಯರಂತೂ ವೈದ್ಯರನ್ನ ಕೇಳದೇ ಮುಟ್ಟಲೇಬಾರದು. ಮೆಥನಾಲ್ ಅನ್ನೋ ವಿಷದ ಆಲ್ಕೋಹಾಲ್ ಬಳಸಿ ತೆಗೆದಿದ್ರೆ, ಪುಡಿಲಿ ಅದರ ಉಳಿಕೆ 3000 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 3000) ಒಳಗಿದೆ ಅನ್ನೋ ರಿಪೋರ್ಟ್ ಇಲ್ಲದೆ ಮಾಲು ತಗೋಬೇಡಿ.

ಬ್ಯಾಚಿಗೆ ದುಡ್ಡು ಕಟ್ಟೋ ಮುಂಚೆ ಸೊಪ್ಪನ್ನೇ ಟೆಸ್ಟಿಗೆ ಕಳಿಸಿ, ಅದರ ಖರ್ಚು ಬ್ಯಾಚ್ ಖರ್ಚಿನ ಮುಂದೆ ಏನೂ ಅಲ್ಲ. ಸ್ಯಾಂಪಲ್ ತೆಗೆಯೋವಾಗ ಬೇರೆ ಬೇರೆ ಮೂಟೆಗಳ ಮೇಲಿಂದ, ನಡುವಿಂದ, ತಳದಿಂದ ತೆಗೆದು ಬೆರೆಸಿ ಕಳಿಸಿ. ಒಳ್ಳೆ ಎಲೆ ಆರಿಸಿ ಕಳಿಸಿದ್ರೆ ರಿಪೋರ್ಟ್ ಆ ಎಲೆದು ಬರುತ್ತೆ, ನಿಮ್ಮ ಮೂಟೆದಲ್ಲ.