ಬೇಬಿ ಕಾರ್ನ್‌ಗೆ ಇನ್ನೊಂದು ಮೂಟೆ ಯೂರಿಯಾ ಹಾಕಲಾ?

ಪ್ರಶ್ನೆ: ಒಂದು ಎಕರೆ ಬೇಬಿ ಕಾರ್ನ್ ಹಾಕಿದ್ದೇನೆ. ಯೂರಿಯಾಗೆ ಕಮ್ಮಿ ಮಾಡಿಲ್ಲ. ಗಿಡ ಆಳೆತ್ತರ ಬಂದು ಕಪ್ಪು ಹಸಿರಾಗಿದೆ. ಆದರೆ ಮಾರುವಂಥ ತೆನೆ ಕಮ್ಮಿ. ಇನ್ನೊಂದು ಮೂಟೆ ಎರಚಲಾ?

ಬೇಡ. ಕಪ್ಪು ಹಸಿರಾಗಿದೆ ಅಂದರೆ ಯೂರಿಯಾ ಕೊಡುವ ಸಾರಜನಕ ಗಿಡಕ್ಕೆ ಸಾಕಷ್ಟು ಸಿಕ್ಕಿದೆ. ಇನ್ನೂ ಹಾಕಿದರೆ ಸೊಪ್ಪು ಹೆಚ್ಚುತ್ತದೆ, ಗಾಳಿಗೆ ಗಿಡ ಮಲಗುತ್ತದೆ, ದುಡ್ಡೂ ದಂಡ.

ಲೆಕ್ಕ ನೋಡೋಣ. ಸಾಮಾನ್ಯವಾಗಿ ಹೆಕ್ಟೇರಿಗೆ 150 ಕೆಜಿ ಸಾರಜನಕ, 60 ಕೆಜಿ ರಂಜಕ, 40 ಕೆಜಿ ಪೊಟ್ಯಾಷ್ ಹೇಳುತ್ತಾರೆ. ಎಕರೆಗೆ ಸಾರಜನಕ 60 ಕೆಜಿ ಆಯಿತು. ರಂಜಕಕ್ಕೆಂದು ಹಾಕುವ ಡಿಎಪಿ ಗೊಬ್ಬರದ ಒಂದು ಮೂಟೆಯಲ್ಲೇ 9 ಕೆಜಿ ಸಾರಜನಕ ಬರುತ್ತದೆ, ಇದನ್ನು ತುಂಬಾ ಜನ ಮರೆಯುತ್ತಾರೆ. ಉಳಿದದ್ದಕ್ಕೆ 45 ಕೆಜಿಯ ಎರಡೂವರೆ ಮೂಟೆ ಯೂರಿಯಾ ಸಾಕು. ಕೊಟ್ಟಿಗೆ ಗೊಬ್ಬರ ಚೆನ್ನಾಗಿ ಹಾಕಿದ್ದರೆ ಇನ್ನೂ ಕಮ್ಮಿ.

ಅದನ್ನೂ ಒಂದೇ ಸಲ ಸುರಿಯಬಾರದು. ಬಿತ್ತುವಾಗ ಸ್ವಲ್ಪ, ಗಿಡ ಮೊಣಕಾಲೆತ್ತರ ಬಂದಾಗ ಜಾಸ್ತಿ, ಸೂಲಂಗಿ, ಅಂದರೆ ತುದಿಯ ಗಂಡು ಹೂ, ಬರುವ ಮುಂಚೆ ಉಳಿದದ್ದು. ನೆಲದಲ್ಲಿ ಹಸಿ ಇರಬೇಕು. ಒಣ ಮಣ್ಣಿನ ಮೇಲೆ ಎರಚಿ ಬಿಟ್ಟರೆ ಒಂದಷ್ಟು ಗಾಳಿಗೇ ಹೋಗುತ್ತದೆ. ಇನ್ನು ಮಳೆ ನೀರು ನಿಂತು ಗಿಡ ಹಳದಿಯಾಗಿದ್ದರೆ ಮೊದಲು ಬಸಿಗಾಲುವೆ ತೋಡಿ. ಸುಮ್ನೆ ಯೂರಿಯಾ ಚೆಲ್ಲಿದರೆ ಏನೂ ಆಗದು.

ಆದರೆ ನಿಮ್ಮ ತೊಂದರೆ ಗೊಬ್ಬರದ್ದಲ್ಲ, ಕೊಯ್ಲಿನದ್ದು ಅನ್ನಿಸುತ್ತದೆ. ಬೇಬಿ ಕಾರ್ನ್ ಬೇರೆ ಗಿಡವೇನಲ್ಲ, ಕಾಳು ಕಟ್ಟುವ ಮುಂಚೆಯೇ ಕಿತ್ತ ಮೆಕ್ಕೆಜೋಳ. ರೇಷ್ಮೆಯಂಥ ಎಳೆ ಸಿಪ್ಪೆಯಿಂದ ಎರಡು ಮೂರು ಸೆಂಟಿಮೀಟರ್ ಹೊರಬಂತೋ, ಕೀಳಬೇಕು. ಎರಡು ದಿನ ತಡವಾದರೆ ತೆನೆ ದಪ್ಪವಾಗಿ ಒಳಗಿನ ದಿಂಡು ಗಟ್ಟಿಯಾಗುತ್ತದೆ. ಬೆರಳಿನಷ್ಟು ದಪ್ಪ ಇರಬೇಕಾದ್ದು ಹೆಬ್ಬೆರಳು ಮೀರಿದರೆ ಗ್ರಾಹಕ ಮುಟ್ಟುವುದಿಲ್ಲ. ನಾನು ಮೊದಲ ಬೆಳೆಯಲ್ಲಿ ಒಂದು ಮದುವೆಗೆ ಹೋಗಿ ಮೂರು ದಿನ ಬಿಟ್ಟು ಬಂದಿದ್ದೆ. ಆ ವಾರದ ತೆನೆಯೆಲ್ಲ ಹಸುಗಳ ಪಾಲಾಯಿತು!

ಮೊದಲ ತೆನೆ ಕಿತ್ತರೆ ಅದರ ಕೆಳಗಿನದು ಬೆಳೆಯಲು ಶುರುವಾಗುತ್ತದೆ. ಒಂದು ಗಿಡದಲ್ಲಿ ಎರಡು ಮೂರು ಸಿಗುವುದು ಹೀಗೇ. ಬಿಟ್ಟರೆ ಮೇಲಿನದೇ ಆಹಾರವೆಲ್ಲ ಹೀರಿಕೊಳ್ಳುತ್ತದೆ.

ಸೂಲಂಗಿ ಕಿತ್ತಿದ್ದೀರಾ? ಅದು ಸುಳಿಯಿಂದ ಇಣುಕಿದ ಕೂಡಲೇ, ಹೂ ಬಿರಿಯುವ ಮುಂಚೆ, ಎಡಗೈಯಲ್ಲಿ ಗಿಡ ಹಿಡಿದು ಬಲಗೈಯಲ್ಲಿ ನೆಟ್ಟಗೆ ಮೇಲಕ್ಕೆ ಎಳೆಯಿರಿ. ಎಲೆ ಜತೆಗೆ ಬರಬಾರದು, ಗಿಡದ ಅಡುಗೆಮನೆ ಅದೇ ಅಲ್ವಾ. ಕಿತ್ತರೆ ಪರಾಗ ಬೀಳದೆ ತೆನೆ ಎಳೆಯದಾಗಿ ಉಳಿಯುತ್ತದೆ.

ಸಾಲಿನಿಂದ ಸಾಲಿಗೆ 45, ಗಿಡದಿಂದ ಗಿಡಕ್ಕೆ 20 ಸೆಂಟಿಮೀಟರ್ ಇಟ್ಟರೆ ಎಕರೆಗೆ ಸುಮಾರು 45 ಸಾವಿರ ಗಿಡ. ಈ ಸಲ ಅದನ್ನು ಬದಲಾಯಿಸಲಾಗದು, ಬಿಡಿ. ನಾಳೆ ಬೆಳಿಗ್ಗೆ ಬುಟ್ಟಿ ಹಿಡಿದು ಒಂದೇ ಸಾಲು ನಡೆದು ನೋಡಿ. ಎಳೆ ಉದ್ದವಾಗಿ ಒಣಗಿ ಕಂದಾಗಿರುವ ತೆನೆ ಎಷ್ಟಿದೆ, ಎಣಿಸಿ.